ಬಲಕ್ಕೆ ಬಿದ್ದ ಹೂವು, ಸೊಸೆಯ ನೌಕರಿ

ನನ್ನ ಸೊಸೆ ಹಾನಗಲ್ಲ ಡಿಪೋದಲ್ಲಿ ಬಸ್ ಕಂಡಕ್ಟರ್. ಮದುವೆಗೆ ಮೊದಲೇ ಆ ನೌಕರಿ ಹಿಡಿದವಳು. ಕನ್ಯೆ ನೋಡಲು ಹೋದಾಗ ನಮ್ಮವರು ಹಾಡಲು ಬರುತ್ತದೇನು ಎಂದು ಕೇಳಿದರು. ಸೀಟಿ ಊದಲು ಬರುತ್ತದೆ ಎಂದಳು. ಅವತ್ತೇ ನನಗೆ ಹಿಡಿಸಿದಳು.

ಹೆರಿಗೆಗೆ ತವರು ಹಿರೇಬೆಂಡಿಗೇರಿಗೆ ಹೋದವಳು, ಐದು ತಿಂಗಳ ಬಾಣಂತನ ಮುಗಿಸಿ ಕೂಸು, ತೊಟ್ಟಿಲ ಸಮೇತ ತಿಳವಳ್ಳಿಯ ನಮ್ಮ ಮನೆಗೆ ಬಂದಳು. ತೊಟ್ಟಿಲು ಕೊಡುವುದು ತವರಿನವರ ಪದ್ಧತಿ. ತೊಟ್ಟಿಲ ಜೊತೆ ಅವಳ ಅವ್ವನೂ ಬಂದಳು. ತೊಟ್ಟಿಲು ಆಗಾಗ ಅಲ್ಲಾಡುತ್ತಿತ್ತು. ನನ್ನ ಬೀಗತಿ ಮಾತ್ರ ನಡುಮನೆ ಬಿಟ್ಟು ಅಲ್ಲಾಡಲಿಲ್ಲ.

ಸೊಸೆಯ ರಜೆ ಮುಗಿಯುತ್ತ ಬಂದಿತ್ತು. ಬೀಗತಿಯದು ಒಂದೇ ರಾಗ.

"ಕೂಸಿನ ಬಾಯಾಗಿನ ಹಾಲು ಬಿಡಿಸಿ ಟಿಕೆಟ್ ಹರಿಯಾಕ ಹೋಗೂದಾ? ನೌಕರಿ ಬಿಡಿಸೂದ ಬರೋಬ್ಬರಿ ನೋಡ್ರಿ, ಬೀಗರ."

"ಈಗ ಹರಿಯೂದಿಲ್ರಿ. ಮಿಷನ್‌ನ್ಯಾಗ ಬರ್ತಾವು," ಎಂದೆ.

"ಮಿಷನ್ ಬಂದು ಹಾಲು ಕುಡಸತೈತೇನ್ರಿ?"

ನನ್ನ ಮಗ ನೀರೆತ್ತುವ ಪಂಪು ರಿಪೇರಿ ಮಾಡುತ್ತಾನೆ. ಕರೆಂಟಿನ ಜೊತೆ ಆಟ ಆಡುವ ಧೈರ್ಯ ಇದೆ, ಅತ್ತೆಯ ಎದುರು ಬಾಯಿ ತೆಗೆಯುವ ಧೈರ್ಯ ಇಲ್ಲ. "ಹಿರ್ಯಾರು ನೀವು ಹೆಂಗಂತೀರಿ ಹಂಗ" ಎಂದು ರೊಟ್ಟಿ ಮುರಿಯುತ್ತ ಕೂತ.

ನಾನು ಸೊಸೆ ಕೆಲಸಕ್ಕೆ ಹೋಗಲಿ ಅನ್ನುವ ಪೈಕಿ. ಹೆಣ್ಣುಮಕ್ಕಳು ಮುಂದೆ ಬರಬೇಕು ಅಂತ ಭಾಷಣ ಮಾಡುವವಳಲ್ಲ ನಾನು. ಒಂದು ಒಲೆಯ ಮುಂದೆ ಇಡೀ ದಿನ ಇಬ್ಬರು ಹೆಂಗಸರು ನಿಂತರೆ ಸಾರಿಗೆ ಎರಡು ಸಲ ಉಪ್ಪು ಬೀಳುತ್ತದೆ, ಅಷ್ಟೇ. ರಜೆಯಲ್ಲಿ ಕೂತು ಕೂತು ಸೊಸೆ ನನ್ನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಬಸ್ಸಿನ ಸೀಟಿನಂತೆ ಸಾಲಾಗಿ ಇಟ್ಟಿದ್ದಳು. ಸಾಸಿವೆ ಹುಡುಕುವಷ್ಟರಲ್ಲಿ ಎಣ್ಣೆ ಸುಟ್ಟು ಹೋಗುತ್ತಿತ್ತು.

ನನ್ನ ಮಗ ಕೂಸಿದ್ದಾಗ ನಾನು ಹಿರೇಕೆರೂರ ಕಡೆ ಬೀಜದ ಹತ್ತಿಯ ಹೊಲಕ್ಕೆ ಹೋಗುತ್ತಿದ್ದೆ. ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ಕೈಯಿಂದ ಮುಟ್ಟಿಸುವ ಕೆಲಸ. ಇವನನ್ನು ಬೇವಿನ ಗಿಡಕ್ಕೆ ಸೀರೆಯ ಜೋಳಿಗೆ ಕಟ್ಟಿ ಮಲಗಿಸುತ್ತಿದ್ದೆ. ಬಿಡುತ್ತೀಯೋ ಇರುತ್ತೀಯೋ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಅದಕ್ಕೆ ಯಾರೂ ನೌಕರಿ ಅನ್ನುತ್ತಿರಲಿಲ್ಲ. ಹೀಗಾಗಿ ಬಿಡುವ ಮಾತೇ ಹುಟ್ಟಲಿಲ್ಲ.

ನಮ್ಮಿಬ್ಬರ ಜಗಳ ಬಗೆಹರಿಯದಿದ್ದಾಗ ಬೀಗತಿಯೇ ಅಂದಳು: "ದ್ಯಾಮವ್ವನ ಗುಡಿಗೆ ಹೋಗಿ ಹೂ ಕೇಳೂಣ್ರಿ. ಆಕಿ ಹೇಳಿದಂಗ."

ಪೂಜಾರಿ ದೇವಿಯ ಎಡಕ್ಕೊಂದು ಬಲಕ್ಕೊಂದು ಹೂವನ್ನು ನೀರು ಹಚ್ಚಿ ಅಂಟಿಸುತ್ತಾನೆ. ನಾವು ಕೇಳುವುದನ್ನು ಮನಸ್ಸಿನಲ್ಲೇ ಕೇಳಬೇಕು. ಬಲದ ಹೂ ಬಿದ್ದರೆ ಆಗಲಿ ಎಂದು, ಎಡದ್ದು ಬಿದ್ದರೆ ಬೇಡ ಎಂದು ಅರ್ಥ. ನಾವಿಬ್ಬರೂ ಕಣ್ಣು ಮುಚ್ಚಿ ಕೈ ಮುಗಿದೆವು. ಸೊಸೆ ಕಂಬಕ್ಕೆ ಒರಗಿ ಕೂಸಿಗೆ ಹಾಲು ಕುಡಿಸುತ್ತಿದ್ದಳು. ಪೂಜಾರಿ ಇನ್ನೂ ಗಂಟೆ ಬಾರಿಸುತ್ತಿದ್ದಾನೆ, ಬಲದ ಹೂ ಟಪ್ಪನೆ ಬಿತ್ತು.

"ನೋಡಿದ್ರ್ಯಾ!" ಎಂದಳು ಬೀಗತಿ.

"ನೋಡಿದ್ರ್ಯಾ!" ಎಂದೆ ನಾನು.

ಪೂಜಾರಿಗೆ ಸಂಶಯ ಬಂತು. "ಏನಂತ ಕೇಳಿದ್ರಿ ಯವ್ವಾ?"

"ನೌಕರಿ ಬಿಡಲೇನವ್ವಾ ಅಂತ," ಬೀಗತಿ.

"ನೌಕರಿಗೆ ಹೋಗಲೇನವ್ವಾ ಅಂತ," ನಾನು.

ಆತ ತಲೆ ಕೆರೆದುಕೊಂಡ. ಮತ್ತೊಮ್ಮೆ ಹೂ ಹಚ್ಚು ಎಂದರೆ, "ಒಂದು ದಿನಕ್ಕ ಒಂದ ಸಲರಿ. ಆಕಿಗೂ ಬ್ಯಾಸರ ಆಕೈತಿ" ಎಂದು ಕಾಯಿ ಒಡೆದು ಬಾಗಿಲು ಎಳೆದುಕೊಂಡ. ಇಬ್ಬರು ಮುದುಕಿಯರು ಎರಡು ಥರ ಕೇಳಿದರೆ ದೇವಿಯಾದರೂ ಏನು ಮಾಡಿಯಾಳು? ಕೈಗೆ ಸಿಕ್ಕಿದ್ದನ್ನು ಕೆಡವಿದ್ದಳು.

"ನೀನೂ ಏನರ ಬೇಡಿಕೊಂಡ್ಯೇನವಾ?" ಎಂದು ಬೀಗತಿ ಮಗಳನ್ನು ಕೇಳಿದಳು.

"ಹೂಂ. ಇವರಿಬ್ರೂ ಒಂದು ದಿನ ಬಾಯಿ ಮುಚ್ಚಲಿ ಅಂತ."

ಹಾದಿಯಲ್ಲಿ ಸೊಸೆ ತಾನೇ ಮಾತು ತೆಗೆದಳು. ಅಷ್ಟು ದಿನ ನಾವು ಅವಳನ್ನು ಕೇಳಿರಲೇ ಇಲ್ಲ.

"ಬಿಟ್ರ ಮನ್ಯಾಗ ಹುಚ್ಚು ಹಿಡೀತೈತಿ. ಹೋದ್ರ ಕೂಸು ಅಳೂದು ಕಿವ್ಯಾಗ ಕೇಳಿಸ್ತಿರತೈತಿ. ನಾ ಏನ್ ಮಾಡ್ಲಿ ಅತ್ತಿ?"

"ಅಳಲಿ ಬಿಡು. ಅದಕ್ಕ ಮತ್ತೇನ್ ಬರ್ತೈತಿ?" ಎಂದೆ.

ಬೀಗತಿ ನನ್ನನ್ನು ನುಂಗುವ ಹಾಗೆ ನೋಡಿದಳು. ಸೊಸೆ ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. ಆಮೇಲೆ, "ಹೋಗಿ ನೋಡ್ತೇನ್ರಿ. ಬಿಡೂದು ಯಾವಾಗ ಬೇಕಾದ್ರೂ ಬಿಡಬಹುದು. ಬಿಟ್ಟ ಮ್ಯಾಲ ಹೊಳ್ಳಿ ಯಾರೂ ಕರಿಯೂದಿಲ್ಲ" ಎಂದಳು. ನನ್ನ ಕಡೆ ತಿರುಗಿ, "ಕೂಸಿನ್ನ ನೋಡ್ಕೋತೀರೇನ್ರಿ ಅತ್ತಿ?"

"ಜ್ವಾಪಾನ ಮಾಡ್ತೇನಿ. ಲಾಲಿ ಹಾಡು ಅಂದ್ರ ಆಗೂದಿಲ್ಲ."

ಡಿಪೋದಲ್ಲಿ ಯಾರ ಯಾರ ಬೆನ್ನು ಹತ್ತಿದಳೋ, ತಿಳವಳ್ಳಿ ಮೇಲೆ ಹಿರೇಕೆರೂರಿಗೆ ಹೋಗುವ ಬಸ್ಸಿನ ಡ್ಯೂಟಿ ಹಾಕಿಸಿಕೊಂಡಳು. ಮಧ್ಯಾಹ್ನ ಡ್ರೈವರ್ ಚಹಾಕ್ಕೆ ಇಳಿದಾಗ ನಾನು ಕೂಸನ್ನು ಬಸ್ ಸ್ಟ್ಯಾಂಡಿಗೆ ಒಯ್ಯುತ್ತೇನೆ. ಅವಳು ಹಿಂದಿನ ಸೀಟಿನಲ್ಲಿ ಖಾಕಿ ಅಂಗಿಯ ಮೇಲೆ ಓಢಣಿ ಹೊದ್ದು ಕುಡಿಸುತ್ತಾಳೆ.

ಮೊನ್ನೆ ಮುಂದೆ ಕೂತ ಮುದುಕನೊಬ್ಬ, "ಇದೇನ್ ಬಸ್ಸೋ, ಬಾಣಂತಿ ಖೋಲಿಯೋ?" ಎಂದು ಒದರಿದ.

"ನಿಮ್ಮವ್ವ ನಿನ್ನ ಹಾಲು ಕುಡಸದ ಬೆಳೆಸಿದ್ದಳೇನೋ? ಸುಮ್ಮ ಕುಂದ್ರು" ಎಂದೆ.

ತನ್ನೂರಿಗೆ ವಾಪಸು ಹೋಗಿದ್ದ ಬೀಗತಿಯೂ ಅದೇ ಬಸ್ಸಿನಲ್ಲಿ ಇದ್ದಳು. ಹೆಂಗಸರಿಗೆ ಬಸ್ಸು ಪುಕ್ಕಟೆ ಆದಾಗಿನಿಂದ ಆಕೆಗೆ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ. ಆಧಾರ್ ಕಾರ್ಡು ತೋರಿಸಿ, ಮಗಳ ಕೈಯಿಂದಲೇ ಟಿಕೆಟ್ ತೆಗೆಸಿಕೊಂಡು, ನಾನು ಕೂಸನ್ನು ಒಣಗಿಸಿದ್ದೇನೋ ಹೇಗೆ ನೋಡಲು ಬಂದಿದ್ದಳು.

"ಟೊಪಗಿ ಯಾಕ ಹಾಕಿಲ್ರಿ? ಗಾಳಿ ಹೊಕ್ಕೈತಿ."

"ಬ್ಯಾಸಗ್ಯಾಗ ಬೇಯಿಸಬೇಕೇನ್ರಿ ಅದನ್ನ?"

"ಇಬ್ರೂ ಇಳೀರಿ. ಬಸ್ ಬಿಡಬೇಕು," ಎಂದಳು ಸೊಸೆ. ಕೂಸನ್ನು ನನ್ನ ಕೈಗೆ ತುರುಕಿ, ಗುಂಡಿ ಹಾಕಿಕೊಂಡು ಸೀಟಿ ಊದಿದಳು. ಕೂಸು ಬೆಚ್ಚಿ ಒದರಲು ಶುರು ಮಾಡಿತು. ಅವಳು ಬಾಗಿಲಲ್ಲಿ ನಿಂತು ನೋಡಿದಳು, ಆಮೇಲೆ ಒಳಗೆ ತಿರುಗಿ "ಟಿಕೆಟ್, ಟಿಕೆಟ್" ಎಂದಳು.

ಮನೆ ಮುಟ್ಟುವವರೆಗೂ ಅದು ಅಳುತ್ತಲೇ ಇತ್ತು. ಬೀಗತಿ ಹಿಂದಿನಿಂದ ಲಾಲಿ ಹಾಡುತ್ತ ಬಂದಳು. ಅವಳ ದನಿ ಕೇಳಿ ಇನ್ನೂ ಜೋರಾಗಿ ಅತ್ತಿತು.