ಗಾಲಿಯ ಮೇಲಿನ ಗೃಹಸ್ಥಾಶ್ರಮ

ಮಡಚುವ ಬಕೆಟ್ಟು ಎಂಬ ವಸ್ತುವನ್ನು ನೀವು ನೋಡಿದ್ದೀರಾ? ನೋಡಿಲ್ಲವಾದರೆ ನಿಮ್ಮ ಸಂಸಾರ ಸುಖವಾಗಿದೆ ಎಂದರ್ಥ. ರಬ್ಬರಿನದು. ಒತ್ತಿದರೆ ದೋಸೆಯಷ್ಟು ಚಪ್ಪಟೆಯಾಗುತ್ತದೆ, ಎಳೆದರೆ ಬಕೆಟ್ಟಾಗುತ್ತದೆ, ನೀರು ತುಂಬಿದರೆ ಮತ್ತೆ ದೋಸೆಯಾಗುತ್ತದೆ. ಇವತ್ತು ಬೆಳಿಗ್ಗೆ ಸಿಂಗಾಪುರದ ಕ್ಲೆಮೆಂಟಿಯ ನಮ್ಮ ಬಾಡಿಗೆ ಮನೆಯ ಸಾಮಾನು ಕಟ್ಟುತ್ತಾ ಕಪಾಟಿನ ಮೇಲಿಂದ ಒಂದು ಡಬ್ಬ ಎಳೆದೆ. ಅದರ ಹಿಂದೆಯೇ ಬಕೆಟ್ಟು ನನ್ನ ತಲೆಯ ಮೇಲೆ ಬಿತ್ತು. ಪೆಟ್ಟೇನೂ ಆಗಲಿಲ್ಲ. ಆದರೆ ಆ ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ, ಎರಡು ವರ್ಷದ ಹಿಂದೆ ನಾನು ಇಪ್ಪತ್ತಮೂರು ದಿನ ಕ್ಯಾರವಾನಿನಲ್ಲಿ ಸಂಸಾರ ಮಾಡಿದ್ದು ನೆನಪಾಯಿತು. ಕ್ಯಾರವಾನೇ ಇರಲಿಲ್ಲ ಅನ್ನುವುದು ಬೇರೆ ವಿಷಯ.

ಹನ್ನೊಂದು ವರ್ಷದಲ್ಲಿ ಈ ಊರೊಳಗೇ ಏಳು ಮನೆ ಬದಲಾಯಿಸಿದವರು ನಾವು. ಒಬ್ಬ ಮಾಲೀಕರಿಗೆ ಮಗನ ಮದುವೆ, ಇನ್ನೊಬ್ಬರಿಗೆ ಮನೆ ಮಾರುವ ಯೋಚನೆ, ಮತ್ತೊಬ್ಬರಿಗೆ ನಮ್ಮ ಇಂಗಿನ ಒಗ್ಗರಣೆಯ ಮೇಲೆ ಕೋಪ. ಹೀಗಾಗಿ ನನಗೆ ಸ್ವಂತ ಮನೆಯ ಆಸೆ ಹುಟ್ಟಿದ್ದು ಅಡುಗೆಮನೆಯ ಕಡೆಯಿಂದ. ನಾಲ್ಕು ಗೋಡೆ, ಒಂದು ಬಾಗಿಲು. ಬಾಗಿಲು ಹಾಕಿಕೊಂಡು ಮನಸಾರೆ ಸಾಸಿವೆ ಸಿಡಿಸಬೇಕು, ಯಾರ ಮೂಗಿಗೂ ನಾನು ಜವಾಬ್ದಾರಳಾಗಬಾರದು. ಪಿಆರ್, ಅಂದರೆ ಇಲ್ಲಿನ ಕಾಯಂ ನಿವಾಸಿಗಳು, ಆಗಿ ಮೂರು ವರ್ಷ ಕಾದ ಮೇಲೆ ನಮಗೂ ಹಳೇ ಸರ್ಕಾರಿ ಫ್ಲ್ಯಾಟು ಕೊಳ್ಳುವ ಯೋಗ್ಯತೆ ಬಂತು. ಆ ಸಂಜೆ ಪಾಯಸ ಮಾಡಿ, ನನ್ನ ಗಂಡ ಮುರಳಿಯ ಮುಂದೆ ಬಟ್ಟಲಿಟ್ಟು ವಿಷಯ ತೆಗೆದೆ. ಅವನು ಪಾಯಸ ಪೂರ್ತಿ ಮುಗಿಸಿ, ಬಟ್ಟಲು ನೆಕ್ಕಿ, ಆಮೇಲೆ ಹೇಳಿದ: "ಮನೆ ಯಾಕೆ? ಒಂದು ಕ್ಯಾರವಾನ್ ತಗೊಳ್ಳೋಣ. ಫುಲ್ ಟೈಮ್ ಅದ್ರಲ್ಲೇ ಇರೋಣ."

ಮುರಳಿ ಟುವಾಸ್‌ನ ಒಂದು ಕಾರ್ಖಾನೆಯಲ್ಲಿ ಎಂಜಿನಿಯರು. ಯಂತ್ರದ ಬೋಲ್ಟು ಅರ್ಧ ಸುತ್ತು ಸಡಿಲವಿದ್ದರೂ ಊಟ ಬಿಡುವ ಮನುಷ್ಯ. ಅವನ ತಲೆಯ ಬೋಲ್ಟು ಸಡಿಲವಾದದ್ದು ಯಾವಾಗ ಎಂದು ವಿಚಾರಿಸಿದಾಗ, ಕೆಲವು ತಿಂಗಳಿಂದ ಎಂಆರ್‌ಟಿ ರೈಲಿನಲ್ಲಿ ಹೋಗುತ್ತಾ ಬರುತ್ತಾ ಕ್ಯಾರವಾನಿನ ವಿಡಿಯೋ ನೋಡುತ್ತಿದ್ದಾನೆಂದು ಗೊತ್ತಾಯಿತು. ನನಗೂ ತೋರಿಸಿದ. ಎಲ್ಲದರಲ್ಲೂ ಒಂದೇ ಜೋಡಿ ಎನ್ನಬಹುದು: ಗಡ್ಡದ ಗಂಡ, ಹೊದಿಕೆ ಹೊದ್ದ ಹೆಂಡತಿ, ಒಂದು ನಾಯಿ, ಹಿಂದುಗಡೆ ಕೆರೆ. ಆ ಹೆಂಡತಿ ದಿನವಿಡೀ ಒಂದೇ ಲೋಟ ಹಿಡಿದುಕೊಂಡು ನಗುತ್ತಾಳೆ. ಅವಳ ಕುಕ್ಕರು ಎಲ್ಲಿ, ಒರಳು ಎಲ್ಲಿ, ಹಿಟ್ಟಿನ ಡಬ್ಬಗಳೆಲ್ಲಿ, ಒದ್ದೆ ಟವೆಲು ಎಲ್ಲಿ ಎಂದು ನಾನು ಆ ವಿಡಿಯೋಗಳ ಮೂಲೆಮೂಲೆ ಹುಡುಕಿದೆ. ಇರಲಿಲ್ಲ.

ಇದೇ ಮಾತನ್ನು ಬೇರೆ ದೇಶದಲ್ಲಿ ಆಡಿದ್ದರೆ ಬುದ್ಧಿವಂತಿಕೆ ಅನ್ನಬಹುದಿತ್ತೇನೋ. ನಮ್ಮದು ಟುವಾಸ್‌ನಿಂದ ಹೊರಟರೆ ಫ್ಲಾಸ್ಕಿನ ಕಾಫಿ ಆರುವುದರೊಳಗೆ ಇನ್ನೊಂದು ತುದಿಯ ಸಮುದ್ರ ಸಿಗುವ ದೇಶ. ಇಲ್ಲಿ ಕಾರು ಇಟ್ಟುಕೊಳ್ಳುವ ಪರವಾನಗಿಗೇ ಕಾರಿನಷ್ಟು ದುಡ್ಡು. ರಸ್ತೆ ಬದಿ ಗಾಡಿ ನಿಲ್ಲಿಸಿ ಒಳಗೆ ಅನ್ನ ಬಸಿದರೆ, ಗಂಜಿ ಆರುವ ಮುಂಚೆ ಯಾರಾದರೂ ಬಂದು ಗಾಜು ತಟ್ಟುತ್ತಾರೆ. ಇದನ್ನೆಲ್ಲ ಹೇಳಿದೆ. ಮುರಳಿ ಅದಕ್ಕೂ ಉತ್ತರ ಇಟ್ಟುಕೊಂಡಿದ್ದ.

"ಟುವಾಸ್ ಬ್ರಿಡ್ಜ್ ದಾಟಿದ್ರೆ ಮಲೇಷ್ಯಾ. ಅಲ್ಲಿ ಪಾರ್ಕ್ ಮಾಡೋಣ. ನಂಗೆ ಆಫೀಸು ಹತ್ರ ಆಗತ್ತೆ."

"ನಂಗೆ ಟೋವಾ ಪಾಯೋ ಆಫೀಸಿಗೆ ಹೋಗ್ಬೇಕಲ್ಲ? ಧೃತಿ ಸ್ಕೂಲು?"

"ನೀವಿಬ್ರೂ ಸ್ವಲ್ಪ ಬೇಗ ಎದ್ರಾಯ್ತು."

ಧೃತಿ ನಮ್ಮ ಮಗಳು, ಆಗ ಆರು ವರ್ಷ. ದಿನವೂ ಪಾಸ್‌ಪೋರ್ಟು ಹಿಡಿದು ಶಾಲೆಗೆ ಹೋಗುವ ಭಾಗ್ಯ ತನಗೆ ಒದಗಿದೆ ಎಂದು ಅವಳಿಗಿನ್ನೂ ಗೊತ್ತಿರಲಿಲ್ಲ. ಸ್ವಂತ ಮನೆ ಅಂದರೆ ಸ್ವಂತ ಎಂದು ನಾನು ವಾದಿಸಿದರೆ ಮುರಳಿ ಅದನ್ನೂ ಕತ್ತರಿಸಿದ. ಇಲ್ಲಿನ ಫ್ಲ್ಯಾಟು ತೊಂಬತ್ತೊಂಬತ್ತು ವರ್ಷದ ಗುತ್ತಿಗೆಯದು, ನಾವು ಕೊಳ್ಳಬಹುದಾದ ಫ್ಲ್ಯಾಟಿನ ಅರ್ಧ ಆಯಸ್ಸು ಮುಗಿದಿರುತ್ತದೆ. "ಇದೂ ಬಾಡಿಗೇನೇ ಕಣೇ, ಅಡ್ವಾನ್ಸ್ ಮಾತ್ರ ಜಾಸ್ತಿ" ಅಂದ. ಬೆಂಗಳೂರಿನ ನಮ್ಮಮ್ಮನಿಗೆ ಫೋನ್ ಮಾಡಿ ದೂರು ಕೊಟ್ಟೆ. ಅಮ್ಮ ಬೇರೆಯೇ ಚಿಂತೆಗೆ ಬಿದ್ದು ಅಳಿಯನನ್ನು ಕರೆದು ಕೇಳಿದರು: "ಅಲ್ಲಪ್ಪಾ, ಅದಕ್ಕೆ ಬಾಗಿಲು ಯಾವ ದಿಕ್ಕಿಗೆ ಬರತ್ತೆ?"

"ಯಾವ ದಿಕ್ಕಿಗೆ ಬೇಕಾದ್ರೂ ತಿರುಗಿಸ್ಬೋದು ಅತ್ತೆ. ಅದೇ ಅಡ್ವಾಂಟೇಜು."

ಅಮ್ಮ "ಹಾಗಾದ್ರೆ ವಾಸ್ತು ತೊಂದ್ರೆ ಇಲ್ಲ ಬಿಡು" ಅಂದರು. ಹೆತ್ತ ತಾಯಿಯೇ ಪಕ್ಷಾಂತರ ಮಾಡಿದ ಮೇಲೆ ನಾನು ಒಂದು ಷರತ್ತು ಹಾಕಿದೆ. ಮೊದಲು ಅಭ್ಯಾಸ ಮಾಡೋಣ, ಒಂದು ತಿಂಗಳು. ತಡೆದುಕೊಂಡರೆ ಕ್ಯಾರವಾನ್, ಇಲ್ಲದಿದ್ದರೆ ಮನೆ.

ಎಂಜಿನಿಯರಿಗೆ ಅಭ್ಯಾಸ ಅಂದರೆ ಸಾಕು. ಆ ಭಾನುವಾರ ಮುರಳಿ ನಮ್ಮ ಹಾಲಿನ ಸೋಫಾ, ಟಿವಿ ಎಲ್ಲ ಗೋಡೆಗೆ ಒತ್ತಿ, ನೆಲದ ಮೇಲೆ ಹಳದಿ ಟೇಪು ಅಂಟಿಸಿದ. ಹದಿನೆಂಟು ಅಡಿ ಉದ್ದ, ಏಳು ಅಡಿ ಅಗಲ. ಅದರೊಳಗೆ ಮಲಗುವ ಜಾಗಕ್ಕೊಂದು ಚೌಕ, ಒಲೆಗೊಂದು ಚೌಕ, ಊಟಕ್ಕೊಂದು ಚೌಕ. ಟೇಪಿನ ಆಚೆಗಿನದೆಲ್ಲ ಕಾಡು. ಬಚ್ಚಲಿಗೆ ಹೋಗಲು ಮಾತ್ರ ಕಾಡು ಪ್ರವೇಶಿಸಬಹುದು. ಮಡಚುವ ಬಕೆಟ್ಟು ಬಂದದ್ದು ಆಗಲೇ. ಅದರ ಜೊತೆ ಮಡಚುವ ಲೋಟ, ಮಡಚುವ ಸೋಸುಬುಟ್ಟಿ, ಮಡಚುವ ಬಟ್ಟೆಗೂಟ. ಮಡಚಲು ಬಾರದ ವಸ್ತು ನಾನೊಬ್ಬಳೇ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆ ಹಣಕಾಸಿನ ವಿಷಯಕ್ಕೆ ಹೇಳಿದ್ದು ಅಂದುಕೊಂಡಿದ್ದೆ. ಅಲ್ಲಿ ಕಾಲು ಚಾಚಿದರೆ ಇಂಡಕ್ಷನ್ ಒಲೆಗೆ ತಗಲುತ್ತಿತ್ತು. ಕುಕ್ಕರು ಕೂಗಿದರೆ ಮೂವರೂ ಎದ್ದು ಕೂರುತ್ತಿದ್ದೆವು. ಒಗ್ಗರಣೆ ಹಾಕಿದ ಅರ್ಧ ಗಂಟೆಯ ಮೇಲೂ ದಿಂಬಿನಲ್ಲಿ ಕರಿಬೇವಿನ ಘಮ. ಸ್ನೇಹಿತರು ಮನೆಗೆ ಬಂದಾಗ ಮುರಳಿ ಅವರನ್ನು ಟೇಪಿನ ಆಚೆ ಕುರ್ಚಿ ಹಾಕಿ ಕೂರಿಸಿ, "ಕ್ಯಾಂಪ್‌ಸೈಟ್‌ಗೆ ವೆಲ್‌ಕಂ" ಅಂದ. ಅವರು ನನ್ನ ಮುಖ ನೋಡಿ, ಗಂಡ ಹೆಂಡಿರ ನಡುವೆ ಏನೋ ಸರಿಯಿಲ್ಲ ಎಂದು ತೀರ್ಮಾನಿಸಿ, ಬೇಗನೆ ಎದ್ದರು. ಧೃತಿಗೆ ಮಾತ್ರ ಹಬ್ಬ. ನಾನು ನೀರು ಕುಡಿಯಲು ಟೇಪು ದಾಟಿದರೂ, "ಅಮ್ಮಾ, ಕೆನಾಟ್ ಲಾ! ಅದು ಫಾರೆಸ್ಟು!" ಎಂದು ಕಿರುಚುತ್ತಿದ್ದಳು.

ಹಬ್ಬ ಮೂರು ವಾರ ನಡೆಯಿತು. ಇಪ್ಪತ್ತಮೂರನೆಯ ದಿನ, ಒಂದು ಶನಿವಾರ ಮಧ್ಯಾಹ್ನ, ಅವಳು ಬಿಡಿಸುತ್ತಿದ್ದ ಚಿತ್ರದ ಮೇಲೆ ನಾನು ಸಾರಿನ ಪಾತ್ರೆ ಇಟ್ಟೆ. ಬೇರೆ ಜಾಗವಿರಲಿಲ್ಲ. ಇಬ್ಬರೂ ಜಗಳವಾಡಿದೆವು, ಆರು ವರ್ಷದವಳ ಸಮಕ್ಕೆ ನಾನೂ ಕೂಗಾಡಿದೆ. ಅವಳು ಎದ್ದು ಹೋಗಿ ಟೇಪಿನ ಸುರುಳಿ ತಂದಳು. ಆಯತದ ಸರಿಯಾಗಿ ನಡುಮಧ್ಯಕ್ಕೆ, ಮೊಣಕಾಲೂರಿಕೊಂಡು, ಈ ಕೊನೆಯಿಂದ ಆ ಕೊನೆಗೆ ಒಂದು ಗೆರೆ ಎಳೆದಳು.

"ಈ ಸೈಡ್ ನಂದು ಮತ್ತೆ ಪಪ್ಪಂದು. ಅಮ್ಮ ಆ ಸೈಡು. ನೋ ಕ್ರಾಸಿಂಗ್."

ನನಗೆ ನಗು ಬಂತು. ಮುರಳಿಯ ಕಡೆ ತಿರುಗಿದರೆ ಅವನ ಮುಖ ಬಿಳಿಚಿಕೊಂಡಿತ್ತು. ಬಗ್ಗಿ ಉಗುರಿನಿಂದ ಆ ಟೇಪನ್ನು ಕೀಳತೊಡಗಿದ. ಅದು ಕೀಳಲು ಬಾರದೆ ಚೂರುಚೂರಾಗಿ ಬರುತ್ತಿತ್ತು, ಅವನು ಬಿಡಲಿಲ್ಲ. ಧೃತಿ ಹೆದರಿ ನನ್ನ ಸೈಡಿಗೇ ಓಡಿಬಂದು ತೊಡೆಗೆ ಅಂಟಿಕೊಂಡಳು.

ಆಮೇಲೆ ಹೇಳಿದ. ಮೈಸೂರಿನ ಅವರ ಮನೆಯಲ್ಲಿ ಅವನಪ್ಪ, ಚಿಕ್ಕಪ್ಪ ಒಟ್ಟಿಗಿದ್ದವರು. ಯಾವುದಕ್ಕೋ ಮಾತು ಬೆಳೆದು ಪಾಲಾದಾಗ ಅಡುಗೆಮನೆಯ ನಡುವೆಯೇ ಗೋಡೆ ಎದ್ದಿತು. ಒಲೆಯ ಕಟ್ಟೆ ಇವರ ಕಡೆಗೆ, ನಲ್ಲಿ ಅವರ ಕಡೆಗೆ. ನಮ್ಮತ್ತೆ ಹಿತ್ತಲಿನಿಂದ ನೀರು ಹೊತ್ತು ತಂದು ಅಡುಗೆ ಮಾಡಿದರು. ಚಿಕ್ಕತ್ತೆ ಧಾರಾಳ ನೀರಿಟ್ಟುಕೊಂಡು ನೆಲದ ಮೇಲೆ ಸ್ಟವ್ ಹಚ್ಚಿದರು. ಚಿಕ್ಕಪ್ಪನ ಮಗ ಶ್ರೀಕಾಂತ ಮುರಳಿಯ ವಾರಿಗೆಯವನು, ಇಬ್ಬರದೂ ಒಂದೇ ಕ್ಲಾಸು. ಗೋಡೆ ಬಂದ ಮಾರನೇ ದಿನದಿಂದ ಒಂದೇ ಬಸ್ಸಿನಲ್ಲಿ ಇವನು ಈ ಕಿಟಕಿ, ಅವನು ಆ ಕಿಟಕಿ. ದೊಡ್ಡವರು ಮಾತಾಡಬೇಡಿ ಎಂದೇನೂ ಹೇಳಿರಲಿಲ್ಲವಂತೆ. ಹೇಗೋ ನಿಂತುಹೋಯಿತು. ಇವತ್ತಿಗೂ ಫೋನ್ ನಂಬರು ಇದೆ, ಮಾತಿಲ್ಲ.

"ಗಾಲಿ ಇರೋ ಮನೇಲಿ ಎಲ್ಲಿ ಗೋಡೆ ಕಟ್ತಾರೆ?" ಅಂದ. "ಬೇಜಾರಾದ್ರೆ ಮನೇನೇ ಬೇರೆ ಕಡೆ ತಗೊಂಡ್ ಹೋಗ್ಬೋದು, ಎಲ್ರನ್ನೂ ಕೂರಿಸ್ಕೊಂಡು. ಹಾಗಂದ್ಕೊಂಡಿದ್ದೆ."

ಇಷ್ಟು ಹೊತ್ತು ನಿಮ್ಮೆದುರು ಅವನನ್ನು ಆಡಿಕೊಂಡವಳು ನಾನು. ಆದರೆ ಮದುವೆಯಾದ ಹೊಸದರಲ್ಲಿ ಆ ಗೋಡೆಯ ಮುಂದೆ ನಿಂತು, ಅದಕ್ಕೆ ತಗುಲಿಸಿದ್ದ ಕ್ಯಾಲೆಂಡರಿನಲ್ಲಿ ಏಕಾದಶಿ ಯಾವತ್ತು ಎಂದು ನೋಡಿದವಳೂ ನಾನೇ. ಇಷ್ಟು ದೊಡ್ಡ ಮನೆಗೆ ಇಷ್ಟು ಇಕ್ಕಟ್ಟಿನ ಅಡುಗೆಮನೆ ಯಾಕೆ ಎಂದು ಒಂದು ದಿನವೂ ಕೇಳಿರಲಿಲ್ಲ. ಅವತ್ತು ನನಗೆ ನಾಚಿಕೆಯಾಯಿತು. ಸಂಜೆ ಮೂವರೂ ಕೂತು ಉಳಿದ ಟೇಪನ್ನೂ ಕಿತ್ತೆವು. ಷರತ್ತಿನಲ್ಲಿ ನಾನು ಗೆದ್ದೆ. ಗೆದ್ದವಳ ಹುಮ್ಮಸ್ಸಿನಲ್ಲಿ, ವಾರಕ್ಕೆರಡರಂತೆ ಫ್ಲ್ಯಾಟು ನೋಡುತ್ತಾ, ಪಕ್ಕದಲ್ಲಿ ಅವನು ಹೂಂ ಅನ್ನುವುದು ಬಿಟ್ಟು ಬೇರೇನೂ ಹೇಳುತ್ತಿಲ್ಲ ಎಂಬುದನ್ನು ಗಮನಿಸಲು ನನಗೆ ಪುರುಸೊತ್ತಾಗಲಿಲ್ಲ.

ಕೊನೆಗೆ ಟೋವಾ ಪಾಯೋದಲ್ಲೇ, ನನ್ನ ಆಫೀಸಿನ ಹತ್ತಿರ ಒಂದು ಫ್ಲ್ಯಾಟು ಸಿಕ್ಕಿತು. ಹೋದ ವಾರ ಬೀಗದ ಕೈ ಬಂತು. ಇವತ್ತು ಬೆಳಿಗ್ಗೆ ಬಕೆಟ್ಟಿನ ಪೂಜೆ ಮುಗಿಸಿಕೊಂಡು ಮಧ್ಯಾಹ್ನ ಅಲ್ಲಿಗೆ ಹೋದೆವು. ರಿಪೇರಿ ಕೆಲಸದ ಕಂಟ್ರಾಕ್ಟರು, ಅರವತ್ತು ದಾಟಿದ ಚೀನೀ ಅಂಕಲ್, ಸೀಮೆಸುಣ್ಣ ಹಿಡಿದು ನಿಂತಿದ್ದರು. ಇಲ್ಲಿ ಗೋಡೆ ಒಡೆಯುವುದಕ್ಕೆ ಹ್ಯಾಕ್ ಮಾಡುವುದು ಅನ್ನುತ್ತಾರೆ. ಅಡುಗೆಮನೆಗೂ ಹಾಲಿಗೂ ನಡುವಿನ ಗೋಡೆಯನ್ನು ತಟ್ಟಿ, "ದಿಸ್ ಒನ್ ಹೌ? ಕೀಪ್ ಆರ್ ಹ್ಯಾಕ್? ಪರ್ಮಿಟ್ ಗಾಟ್ ಆಲ್ರೆಡಿ, ಬೋತ್ ಆಲ್ಸೋ ಕ್ಯಾನ್" ಅಂದರು.

ಯಾವುದಕ್ಕೂ ಇರಲಿ ಎಂದು ಅಂಕಲ್ ಪರ್ಮಿಟ್ ತೆಗೆದಿಟ್ಟಿದ್ದರೂ, ಫ್ಲ್ಯಾಟು ಒಪ್ಪಿಕೊಂಡಾಗಲೇ ಕೀಪ್ ಎಂದು ತೀರ್ಮಾನವಾಗಿತ್ತು. ಆ ಗೋಡೆಗೆ ಕೂರಿಸುವ ಬಾಗಿಲಿನ ಬಣ್ಣವನ್ನೂ ನಾನು ಆರಿಸಿದ್ದೆ. ಮುರಳಿ ಗೋಡೆಯ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದ. ನನ್ನ ಕಡೆ ನೋಡಲಿಲ್ಲ. "ಕೀಪ್" ಎಂದು ಅವನೇ ಹೇಳಿದ, ನನಗೋಸ್ಕರ, ಆ ಹೂಂ ಅನ್ನುವ ದನಿಯಲ್ಲೇ. ಎರಡು ವರ್ಷದಲ್ಲಿ ಆ ದನಿ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು.

"ನೋ ಅಂಕಲ್, ಹ್ಯಾಕ್" ಅಂದೆ.

"ಒಗ್ಗರಣೆ?" ಮುರಳಿ ಕೇಳಿದ.

"ಕಿಟಕಿ ತೆಗೆಯೋಣ."

ಅಂಕಲ್ ಗೋಡೆಯ ಉದ್ದಕ್ಕೂ ದೊಡ್ಡದಾಗಿ ಕಾಟು ಹಾಕಿ, ಕೆಲಸದವರನ್ನು ಕರೆದರು. ನಮ್ಮನ್ನು ಕಾರಿಡಾರಿಗೆ ಅಟ್ಟಿದರು. ಗಂಟೆಗಟ್ಟಲೆ ಗದ್ದಲ. ಧೂಳು ಇಳಿದ ಮೇಲೆ ಒಳಗೆ ಹೋದರೆ ಅಡುಗೆಮನೆಯ ಕಿಟಕಿಯ ಬಿಸಿಲು ಹಾಲಿನ ಬಾಗಿಲವರೆಗೂ ಬಂದು ಬಿದ್ದಿತ್ತು. ಮುರಳಿ ಇಟ್ಟಿಗೆ ಚೂರುಗಳ ನಡುವೆ ನಿಂತು ಒಂದು ಫೋಟೋ ತೆಗೆದ. ಏನೋ ಬರೆದ, ಅಳಿಸಿದ, ಮತ್ತೆ ಬರೆದು ಕಳಿಸಿದ. ಯಾರಿಗೆ ಎಂದು ಅವನೇ ತೋರಿಸಿದ: ಶ್ರೀಕಾಂತನಿಗೆ. ಫೋಟೋ ಕೆಳಗೆ, "ಹೊಸ ಮನೆ. ಅಡುಗೆಮನೆ ಗೋಡೆ ತೆಗೆಸಿದ್ವಿ" ಎಂದು ಬರೆದಿದ್ದ.

ಲಿಫ್ಟಿನ ಹತ್ತಿರ ಬರುವಷ್ಟರಲ್ಲಿ ಉತ್ತರ ಬಂತು. ಮುರಳಿ ಓದಿ, ಫೋನನ್ನು ನನ್ನ ಕೈಗಿಟ್ಟ.

"ಊಟ ಆಯ್ತೇನೋ?"