ತಾರಿ ದಾಟಿದ ಮಂಗಗಳು

ಹೊನ್ನಾವರದ ತಾರಿದೋಣಿಯಲ್ಲಿ ಒಂದು ದಿನ ನನಗೆ ಕೂರಲು ಜಾಗ ಸಿಗಲಿಲ್ಲ, ಮಂಗಗಳಿಗೆ ಸಿಕ್ಕಿತು. ಶರಾವತಿಗೆ ಇನ್ನೂ ಸೇತುವೆ ಆಗದ ಕಾಲ. ದೋಣಿಯ ನಡುವೆ ಮರದ ದೊಡ್ಡ ಪೆಟ್ಟಿಗೆ, ಅದರ ಪಟ್ಟಿಗಳ ಸಂದಿಯಿಂದ ಏಳೆಂಟು ಮುಖಗಳು ನನ್ನ ಕೊಡೆಯನ್ನೇ ನೋಡುತ್ತಿದ್ದವು. ಮಂಗಗಳ ಕಾಟ ತಾಳಲಾರದೆ ನಮ್ಮ ಕೇರಿಯ ಹಿರಿಯರು ಬಾಳೆಹಣ್ಣು ಇಟ್ಟು ಅವನ್ನು ಹಿಡಿದು ಆಚೆ ದಡಕ್ಕೆ ಸಾಗಿಸುತ್ತಿದ್ದರು. ಒಂದೇ ನೆಗೆತಕ್ಕೆ ಸಮುದ್ರ ಹಾರಿದ ಕುಲವಂತೆ! ಹೊಳೆ ದಾಟಲು ನಾವು ದೋಣಿ ಕೊಟ್ಟೆವು, ಟಿಕೇಟನ್ನೂ ಕೇಳಲಿಲ್ಲ. ನನ್ನನ್ನು ಕೇಳಿದರು.

ಆಚೆ ದಡದಲ್ಲಿ ಇದ್ದವಳು ನನ್ನ ಅಕ್ಕ. ಗದ್ದೆ ಕೊಯ್ದ ಮೇಲೆ ಮೊಗೆಕಾಯಿ ಎಂಬ ದಪ್ಪ ಸೌತೆ ಬೆಳೆದು, ಬಾಳೆನಾರಿನಲ್ಲಿ ಕಟ್ಟಿ, ತೊಲೆಗೆ ಸಾಲಾಗಿ ನೇತುಹಾಕುತ್ತಿದ್ದಳು. ಮೀನೂ ತರಕಾರಿಯೂ ಸಿಗದ ಜಡಿಮಳೆಯ ದಿನಗಳಲ್ಲಿ ಆ ಮನೆಯ ಊಟ ಅದರ ಮೇಲೆಯೇ. ವಾರ ಕಳೆಯುವುದರೊಳಗೆ ಪೇಟೆಗೆ ಬಂದವಳು ನಮ್ಮ ಜಗಲಿಯಲ್ಲಿ ನಿಂತೇ ಮಾತಾಡಿದಳು.

"ನಿಮ್ಮೂರ ಮಂಗ ನನ್ನ ಮೊಗೆಬಳ್ಳಿ ಪೂರಾ ಹಾಳು ಮಾಡಿ ಹೋತು. ಮಳೆಗಾಲಕ್ಕೆ ಎಂತ ಮಾಡೂದು ನಾನು?"

"ಮಂಗಕ್ಕೆ ಊರು ಎಂತದು ಅಕ್ಕ?"

"ನಂಗೆ ಗುರ್ತಿಲ್ವ? ಆ ಮೋಟುಬಾಲದ್ದು ನಿಮ್ಮನೆ ಹೆಂಚಿನ ಮೇಲೇ ಇರ್ತಿತ್ತು!"

ತಪ್ಪು ಮೋಟುಬಾಲದ್ದೇ? ನೆನೆದರೆ ಈಗಲೂ ಮೈ ಉರಿಯುತ್ತದೆ. ಊರ ಹಿಂದಿನ ಗುಡ್ಡದ ತುಂಬ ಮುರುಗಲು, ನೇರಳೆ, ಹೆಬ್ಬಲಸಿನ ಹಣ್ಣಿನ ಮರಗಳಿದ್ದವು. ಮಂಗ ಬೀಳಿಸಿದ್ದನ್ನು ಕಾಡುಹಂದಿ ತಿನ್ನುತ್ತಿತ್ತು, ಹಂದಿ ಬಿಟ್ಟದ್ದನ್ನು ನಾವು ಹೆಕ್ಕುತ್ತಿದ್ದೆವು. ಈ ಪಂಕ್ತಿಯಲ್ಲಿ ನಮ್ಮ ಸ್ಥಾನ ಎಷ್ಟನೆಯದೆಂದು ದಯವಿಟ್ಟು ಕೇಳಬೇಡಿ. ಸೌದೆಯ ಕಂತ್ರಾಟುದಾರನೊಬ್ಬ ಬಂದು ಅದನ್ನೆಲ್ಲ ಬೋಳಿಸಿದ. ಆಮೇಲೆ ಸರ್ಕಾರದ ದೊಡ್ಡವರು ಬಂದು ಸಾಲುಸಾಲು ಗಾಳಿಮರ, ಅದೇ ಸರ್ವೆ, ನೆಡಿಸಿ, ಪಾಳುಗುಡ್ಡ ಉದ್ಧಾರವಾಯಿತೆಂದು ಭಾಷಣ ಮಾಡಿದರು. ಪಾಳಂತೆ! ನಾವೋ, ಚಪ್ಪಾಳೆ ತಟ್ಟಿದೆವು. ಗಾಳಿಮರದಲ್ಲಿ ಮಂಗ ಏನು ತಿನ್ನಬೇಕು, ಭಾಷಣವನ್ನೇ?

ಆಚೆ ದಡದವರು ಸುಮ್ಮನೆ ಬಿಟ್ಟಾರೆಯೇ? ಅದೇ ಪೆಟ್ಟಿಗೆ, ಅದೇ ತಾರಿ. ಮಂಗಗಳನ್ನು ತುಂಬಿ ವಾಪಸು ಕಳಿಸಿದರು. ಮೋಟುಬಾಲದ್ದು ನಮ್ಮ ಹೆಂಚಿನ ಮೇಲೆ ತನ್ನ ಹಳೆಯ ಜಾಗದಲ್ಲೇ ಬಂದು ಕೂತಿತು.

ಆಷಾಢದಲ್ಲಿ ಮಳೆ ತುಸು ಹೊಳವಾದ ದಿನ ಅಕ್ಕನ ಮನೆಗೆ ಹೋದೆ. ತೊಲೆಯಿಂದ ಬರೀ ಬಾಳೆನಾರು ಜೋಲುತ್ತಿತ್ತು. ಗಂಜಿಗೆ ಉಪ್ಪಿನಕಾಯಿಯ ರಸ ಬಡಿಸುತ್ತ ಕೇಳಿದಳು:

"ಮೋಟುಬಾಲದ್ದು ಬಂತಾ?"

"ಬಂತು. ನಿನ್ನೆ ನಮ್ಮನೆ ಹಪ್ಪಳ ತಿಂತು."

"ತಿನ್ನಲಿ ಬಿಡು, ಪಾಪ. ಅದರ ಮನೆ ಕಡ್ದೋರ್ನ ಒಂದ್ಸಲ ಆ ಪೆಟ್ಟಿಗೇಲಿ ಹಾಕಿ ಹೊಳೆ ದಾಟ್ಸ್‌ಬೇಕಿತ್ತು."

ಪೆಟ್ಟಿಗೆ ಈಗ ನಮ್ಮ ಜಗಲಿಯಲ್ಲೇ ಇದೆ. ಆದರೆ ಅಂಥವರು ಬಾಳೆಹಣ್ಣಿಗೆ ಬೀಳುವವರಲ್ಲ.