ಹಾಲು ಬಿಡುವ ದಿನದ ಪರೀಕ್ಷೆ

ಕೊರೊನಾದಲ್ಲಿ ಅಪ್ಪ ತೀರಿಕೊಂಡ ಮೂರನೆಯ ದಿನವೇ ನನ್ನ ಬಿ.ಎ. ಕೊನೆಯ ಪತ್ರಿಕೆಯಿತ್ತು. ಸೋಂಕು ತಗುಲಿದ ವಿದ್ಯಾರ್ಥಿಗಳಿಗೆ ಇನ್ನೊಂದು ಅವಕಾಶ ಕೊಡುತ್ತೇವೆಂದು ಸುತ್ತೋಲೆ ಬಂದಿತ್ತು. ಹಿಂದಿನ ದಿನ ಕಾಲೇಜಿನ ಗುಮಾಸ್ತರಿಗೆ ಫೋನ್ ಮಾಡಿದೆ.

"ನಿಂದು ಪಾಸಿಟಿವ್ ರಿಪೋರ್ಟ್ ಐತೇನವ್ವಾ?"

"ನಂದು ನೆಗೆಟಿವ್ ರೀ. ಅಪ್ಪಂದು ಐತ್ರಿ."

"ಅಪ್ಪಂದು ನಡೆಯೂದಿಲ್ಲವ್ವಾ. ಪರೀಕ್ಷಾ ನಿಂದು."

ಎಲ್ಲರಿಗೂ ಒಂದೇ ನಿಯಮವಂತೆ. ಅದನ್ನು ಬರೆದವರ ಮನೆಯಲ್ಲಿ ಆ ವಾರ ಯಾರೂ ಸತ್ತಿರಲಿಕ್ಕಿಲ್ಲ.

ಬೆಳಿಗ್ಗೆ ಮನೆಯವರೆಲ್ಲ ಅಪ್ಪನನ್ನು ಮಣ್ಣು ಮಾಡಿದ ಜಾಗಕ್ಕೆ ಹಾಲು ಬಿಡಲು ಹೊರಟರು. ನಾನು ಕಾಕಾನ ಬೈಕ್ ಹತ್ತಿ ದೇವಣಗಾಂವದಿಂದ ಸಿಂದಗಿಗೆ ಹೋದೆ. ಕಾಲೇಜಿನ ಗೇಟಿನಲ್ಲಿ ಹಣೆಗೆ ಯಂತ್ರ ಹಿಡಿದು ಜ್ವರ ನೋಡಿದವರು, "ಎಲ್ಲಾ ನಾರ್ಮಲ್ ಐತಿ, ಒಳಗ ಹೋಗು" ಎಂದರು. ಹೋದೆ. ಮೂರು ತಾಸು ಬರೆದೆ. ಏನು ಬರೆದೆನೋ ಇಂದಿಗೂ ನೆನಪಿಲ್ಲ. ಅಳು ಬರಲಿಲ್ಲ ಎಂಬುದಷ್ಟೇ ನೆನಪು.

ಮನೆಗೆ ಬಂದಾಗ ಅವ್ವ ನನ್ನ ಪಾಲಿನ ಹಾಲನ್ನು ತಂಬಿಗೆಯಲ್ಲಿ ಮುಚ್ಚಿಟ್ಟಿದ್ದಳು. ಬಿಸಿಲಿಗೆ ಅದು ಒಡೆದಿತ್ತು. ಬೇರೆ ಹಾಲು ತರಬಹುದೆಂದು ಇಬ್ಬರಿಗೂ ತೋಚಲಿಲ್ಲ. ಅದನ್ನೇ ಒಯ್ದು ಬಿಟ್ಟು ಬಂದೆ.